ಪಿಕಪ್ ವಾಹನ: ಗಿಡ್ಡ ಬಾಡಿಯೋ, ಉದ್ದ ಬಾಡಿಯೋ?

ಬೈಲಹೊಂಗಲದ ಹತ್ತಿ ವರ್ತಕರಿಗೂ ಅದೇ ಊರಿನ ಸಿಮೆಂಟ್ ಮಾರಾಟಗಾರರಿಗೂ ಪಿಕಪ್ ಬೇಕು. ಆದರೆ ಇಬ್ಬರಿಗೂ ಒಂದೇ ವಾಹನ ಒದಗದು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ ಸಣ್ಣ ವ್ಯಾಪಾರಿಯ ಆಯ್ಕೆ ಸರಳವಾಗಿತ್ತು. ಈಗ ಒಂದೇ ಕಂಪನಿಯ ಒಂದೇ ಶ್ರೇಣಿಯಲ್ಲಿ ಬೇರೆ ಬೇರೆ ಉದ್ದದ ಬಾಡಿಗಳು ದೊರೆಯುತ್ತವೆ. ಕಂತಿನಲ್ಲಿ ಅಷ್ಟೇನೂ ವ್ಯತ್ಯಾಸವಾಗದೆಂದು ಉದ್ದನೆಯದಕ್ಕೇ ಮುಂಗಡ ಕೊಡುವುದು ಸಾಮಾನ್ಯ. ಆ ಲೆಕ್ಕ ಎಲ್ಲ ವ್ಯಾಪಾರಕ್ಕೂ ಹೊಂದುವುದಿಲ್ಲ.

ಸಿಮೆಂಟನ್ನೇ ನೋಡಬಹುದು. 1,300 ಕಿಲೋ ಹೊರುವ ವಾಹನಕ್ಕೆ 50 ಕಿಲೋದ 26 ಚೀಲಗಳು ಮಿತಿ. ಟಾಟಾ ಇಂಟ್ರಾ ವಿ30ರ ಸುಮಾರು 2,690 ಮಿ.ಮೀ. ಉದ್ದದ ಬಾಡಿಯಲ್ಲಿ ಇವು ಎರಡನೆಯ ವರಸೆ ತುಂಬುವ ಮೊದಲೇ ಮುಗಿಯುತ್ತವೆ. ಅದೇ ಶ್ರೇಣಿಯ ವಿ50ರ ಬಾಡಿ ಸುಮಾರು 2,960 ಮಿ.ಮೀ.; ಅದರಲ್ಲಿ 30 ಚೀಲ ಹೋಗುವುದು ಉದ್ದದಿಂದಲ್ಲ, ಭಾರ ಹೊರುವ ಶಕ್ತಿ 1,500 ಕಿಲೋ ಇರುವುದರಿಂದ. ಸವದತ್ತಿಯ ಕಡಲೆ, ಜೋಳದ ವ್ಯಾಪಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಖಾಲಿ ಉಳಿದ ಜಾಗ "ಇನ್ನೂ ಹತ್ತು ಚೀಲ ಹಾಕು" ಎಂದು ಕರೆಯುತ್ತದೆ. ಅಪಾಯ ಅಲ್ಲಿಯೇ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 194ನೆಯ ಕಲಮಿನಲ್ಲಿ ಅತಿಭಾರಕ್ಕೆ 20,000 ರೂ. ದಂಡವಿದೆ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂ.

ಹತ್ತಿಯ ಅಂಡಿಗೆಯ ವಿಷಯ ಇದಕ್ಕೆ ವಿರುದ್ಧ. ತೂಕ ತುಂಬುವ ಮೊದಲೇ ಜಾಗ ತುಂಬುತ್ತದೆ. ಯಲ್ಲಮ್ಮನ ಗುಡ್ಡದ ಜಾತ್ರೆಯ ಅಂಗಡಿಗಳಿಗೆ ಹೋಗುವ ಬುಟ್ಟಿ, ಆಟಿಕೆ, ಬಳೆಯ ಪೆಟ್ಟಿಗೆಗಳೂ ಹಾಗೆಯೇ. ಇಂತಹ ಸರಕಿಗೆ ಉದ್ದದ ಬಾಡಿ ಪ್ರತಿ ಖೇಪಿನಲ್ಲಿಯೂ ಡೀಸೆಲ್ ಉಳಿಸುತ್ತದೆ.

ಉದ್ದನೆಯ ಸರಕಿನಲ್ಲಿ ಮಾತ್ರ ಅಂಗುಲದ ಲೆಕ್ಕ ಬೇಕು. ಎಂಟಡಿ ಪ್ಲೈವುಡ್ ಹಾಳೆ 2,440 ಮಿ.ಮೀ.; ಸುಮಾರು 2,200 ಮಿ.ಮೀ. ಬಾಡಿಯ ಏಸ್‌ನಲ್ಲಿ ಅದು ಹೊರಗೆ ಚಾಚುತ್ತದೆ, ವಿ30ರಲ್ಲಿ ಚಪ್ಪಟೆಯಾಗಿ ಮಲಗುತ್ತದೆ. ಮೂರು ಮೀಟರ್ ಪೈಪಿಗೆ ವಿ50 ಕೂಡ ಎರಡು ಬೆರಳಿನಷ್ಟು ಸಾಲದು. ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್ ಎಚ್‌ಡಿ 2.0 ಎಲ್‌ನ 3,050 ಮಿ.ಮೀ. ಬಾಡಿಯಲ್ಲಿ ಕೂರುತ್ತದೆ. ಆದರೆ ನೀರಾವರಿಯ ಆರು ಮೀಟರ್ ಪೈಪಿಗೆ, ಹನ್ನೆರಡು ಮೀಟರಿನ ಕಬ್ಬಿಣದ ಸರಳಿಗೆ ಇವುಗಳಲ್ಲಿ ಯಾವುದೂ ಸಾಲದು. ಅದಕ್ಕಾಗಿ ಉದ್ದದ ಪಿಕಪ್ ಕೊಂಡವರು ಕೊನೆಗೂ ಟ್ರ್ಯಾಕ್ಟರ್ ಬಾಡಿಗೆ ಕೊಡಲೇಬೇಕಾಗುತ್ತದೆ. ಸರಳುಗಳನ್ನು ಹಿಂದಕ್ಕೆ ಚಾಚಿ ಒಯ್ಯಲು ಇದ್ದ ಒಂದು ಮೀಟರಿನ ರಿಯಾಯಿತಿ 2014ರಲ್ಲಿ ರದ್ದಾಯಿತು. ಈಗ ಸರಕು ಮಿತಿ ಮೀರಿ ಚಾಚಿದರೆ ಅದಕ್ಕೂ 20,000 ರೂ. ದಂಡ, ಇಳಿಸುವ ಖರ್ಚು ಬೇರೆ. ಗಿಡ್ಡ ಬಾಡಿ ಕೊಂಡು ವೆಲ್ಡಿಂಗ್ ಅಂಗಡಿಯಲ್ಲಿ ಒಂದಡಿ ಬೆಳೆಸುವ ಉಪಾಯವನ್ನು ಕಾಯಿದೆಯ 52ನೆಯ ಕಲಮು ಒಪ್ಪುವುದಿಲ್ಲ.

ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಿತ್ತೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಬೆಳಗಾವಿಗೋ ಧಾರವಾಡಕ್ಕೋ ಓಡುವ ವಾಹನಕ್ಕೆ ಉದ್ದ ತೊಂದರೆಯಲ್ಲ. ರಾಮದುರ್ಗದ ನೇಕಾರರ ಓಣಿಗಳಲ್ಲಿ ನೂಲು ಇಳಿಸಿ ಸೀರೆ ಹೇರುವ ವಾಹನ ದಿನಕ್ಕೆ ಹತ್ತಾರು ಬಾರಿ ಹಿಂದೆ ಮುಂದೆ ತಿರುಗಬೇಕು. ಅಲ್ಲಿ ಗಿಡ್ಡದೇ ವಾಸಿ. ಇನ್ನು ಉದ್ದದ ಬಾಡಿಯಲ್ಲಿ ಭಾರವೆಲ್ಲ ಹಿಂತುದಿಗೆ ಬಿದ್ದರೆ ಏರಿನಲ್ಲಿ ಮುಂಗಾಲಿಗಳು ಹಗುರಾಗಿ ಸ್ಟೇರಿಂಗ್ ಹಿಡಿತ ಸಡಿಲವಾಗುತ್ತದೆ. ಭಾರದ ಚೀಲಗಳನ್ನು ಕ್ಯಾಬಿನ್ನಿನ ಬೆನ್ನಿಗೆ ಒತ್ತಿ ಹೇರುವ ಹಮಾಲರ ರೂಢಿ ಇದಕ್ಕೇ ಇದೆ.

ಕಾಗದಪತ್ರಗಳಲ್ಲಿ ನೋಡಬೇಕಾದುದು ಒಟ್ಟು ತೂಕ. ಸರಕೂ ಸೇರಿ 3,000 ಕಿಲೋ ಮೀರದ ವಾಹನಕ್ಕೆ 66ನೆಯ ಕಲಮಿನಂತೆ ಪರ್ಮಿಟ್ ಬೇಡ. ಎರಡು ಟನ್ ಹೊರುವ ಉದ್ದದ ಮಾದರಿಗಳು ಸ್ವಂತ ತೂಕ ಸೇರಿ ಈ ಗೆರೆ ದಾಟುತ್ತವೆ. ಚಾಲಕರ ವಿಷಯದಲ್ಲಿ ಚಿಂತೆಯಿಲ್ಲ: 7,500 ಕಿಲೋ ಒಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲಿಯೇ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದ್ದು, ಹಳೆಯ ದರಪಟ್ಟಿ ಹಿಡಿದು ಲೆಕ್ಕ ಹಾಕಬಾರದು.

ಷೋರೂಮಿಗೆ ಹೋಗುವ ಮೊದಲು ಕಳೆದ ಮೂರು ತಿಂಗಳ ಖೇಪುಗಳನ್ನು ಖಾತೆಯಿಂದ ತೆಗೆದು, ಪ್ರತಿ ಖೇಪಿನ ತೂಕವನ್ನೂ ಅತ್ಯಂತ ಉದ್ದದ ಸರಕಿನ ಅಳತೆಯನ್ನೂ ಬರೆದುಕೊಂಡರೆ ಸಾಕು. ವರ್ಷಕ್ಕೆ ಎರಡು ಸಲ ಬರುವ ಉದ್ದನೆಯ ಸರಕಿಗೆ ಬಾಡಿಗೆ ವಾಹನವೇ ಅಗ್ಗ.