ಕ್ಯಾಸನೂರಿನ ವೈರಸ್ಸಿಗೆ ಮುದ್ರೆ ಹೊಡೆಯುವ ಅಣು

ಅಮೆರಿಕದ ಮೊಂಟಾನಾ ರಾಜ್ಯದ ಬೆಟ್ಟಗಳ ನಡುವೆ ಹ್ಯಾಮಿಲ್ಟನ್ ಎಂಬ ಪುಟ್ಟ ಊರಿದೆ. ಅಲ್ಲಿಯ ರಾಕಿ ಮೌಂಟನ್ ಪ್ರಯೋಗಾಲಯದ ಬಿಗಿ ಕಾವಲಿನ ಕೋಣೆಗಳಲ್ಲಿ, ಉಸಿರಾಡುವ ಗಾಳಿಯೂ ಕೊಳವೆಯಲ್ಲೇ ಬರುವ ಉಡುಪು ತೊಟ್ಟವರು ಒಂದು ವೈರಸ್ಸನ್ನು ಸಾಕಿಕೊಂಡಿದ್ದಾರೆ. ಅದರ ಹೆಸರಿನಲ್ಲಿರುವುದು ನಮ್ಮ ಸೊರಬ ತಾಲ್ಲೂಕಿನ ಕಾಡು. ಕ್ಯಾಸನೂರು! ಕುಪ್ಪಗಡ್ಡೆ, ಚಂದ್ರಗುತ್ತಿ, ಉಳವಿ ಕಡೆಯವರಿಗೆ ಅದು ಮಂಗನ ಕಾಯಿಲೆ. ಎಲ್ಲೋ ಮಂಗ ಸತ್ತಿದೆಯಂತೆ ಎಂಬ ಸುದ್ದಿ ಬಂದರೆ ಸಾಕು, ಕೊಟ್ಟಿಗೆಗೆ ದರಕು ತರಲು ಕಾಡಿಗೆ ಹೊರಟವರ ಎದೆ ಒಮ್ಮೆ ಧಸಕ್ಕೆನ್ನುತ್ತದೆ.

ಆ ವೈರಸ್ಸಿಗೆ ನಮ್ಮ ಜೀವಕೋಶದೊಳಗೇ ಒಬ್ಬ ಶತ್ರು ಇದ್ದಾನೆಂದು ಜಗತ್ತಿಗೆ ತಿಳಿದದ್ದು 2019ರಲ್ಲಿ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಇದೇ ಕಾಯಿಲೆಗೆ ಬಲಿಯಾದ ವರ್ಷವೂ ಅದೇ.

ಕಥೆ ಶುರುವಾಗುವುದು 1957ರಲ್ಲಿ. ಕ್ಯಾಸನೂರು ಕಾಡಿನ ಸುತ್ತ ಕಪ್ಪು ಮೋರೆಯ ಮುಸಿಯಗಳೂ ಕೋತಿಗಳೂ ಸತ್ತು ಬಿದ್ದವು. ಹಿಂದೆಯೇ ಜನರಿಗೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಓಡಿ ಬಂದರು. ಅವರ ತಲೆಯಲ್ಲಿದ್ದದ್ದು ಒಂದೇ ಭಯ: ಹಳದಿ ಜ್ವರ. ಇಂಡಿಯಾಕ್ಕೆ ಎಂದೂ ಕಾಲಿಡದ ಆ ಮಹಾಮಾರಿ ಮಲೆನಾಡಿನಿಂದ ಒಳನುಗ್ಗಿದ್ದರೆ?

ಉತ್ತರ ಕೊಟ್ಟದ್ದು ಪ್ರತಿಕಾಯಗಳು. ರೋಗಾಣುವನ್ನು ಕಂಡ ದೇಹ ರಕ್ತದಲ್ಲಿ ತಯಾರಿಸಿಡುವ, ಅದಕ್ಕೇ ಹೋಗಿ ಅಂಟುವ ಪ್ರೋಟೀನುಗಳಿವು. ಹೊಸ ವೈರಸ್ಸನ್ನು ಬೇರೆ ಬೇರೆ ವೈರಸ್ಸುಗಳ ಪ್ರತಿಕಾಯಗಳೊಂದಿಗೆ ಬೆರೆಸಿ ಯಾವುದು ಹಿಡಿಯುತ್ತದೆಂದು ನೋಡಿದರು. ಹಿಡಿದದ್ದು ಹಳದಿ ಜ್ವರದ್ದಲ್ಲ. ರಷ್ಯಾದ ಹಿಮಕಾಡಿನಲ್ಲಿ ಉಣ್ಣೆಹುಳ ಹರಡುವ ಮಿದುಳುಜ್ವರದ್ದು! ಸೊರಬಕ್ಕೂ ಸೈಬೀರಿಯಾಕ್ಕೂ ಎತ್ತಣಿಂದೆತ್ತ ನೆಂಟಸ್ತಿಕೆ? ವಲಸೆ ಹಕ್ಕಿಗಳು ಉಣ್ಣೆಯನ್ನು ಹೊತ್ತು ತಂದವೇ ಎಂಬ ಅನುಮಾನ ಎಷ್ಟು ಬಲವಾಯಿತೆಂದರೆ, ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುತ್ತಿದ್ದ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೇ ನೆರವಿಗೆ ಬಂತು.

ಪ್ರತಿಕಾಯ ತನ್ನ ಗುರಿಗೆ ಮಾತ್ರ ಅಂಟಬೇಕು ಅನ್ನುತ್ತಾರೆ. ಆದರೆ ಗುರಿಯ ದಾಯಾದಿಗಳಿಗೂ ಅದು ಒಂದಿಷ್ಟು ಅಂಟುತ್ತದೆ. 1957ರಲ್ಲಿ ಸುಳಿವು ಸಿಕ್ಕಿದ್ದು ಅದರ ಈ ಸಡಿಲತನದಿಂದಲೇ.

ಪ್ರತಿಕಾಯ ತಯಾರಾಗಲು ದಿನಗಟ್ಟಲೆ ಬೇಕು. ಉಣ್ಣೆ ಕಚ್ಚಿ ವೈರಸ್ ಒಳಹೊಕ್ಕ ಗಂಟೆಗಳಲ್ಲಿ ಯಾರು ಕಾಯುತ್ತಾರೆ? ಹುಟ್ಟಿನಿಂದಲೇ ನಮ್ಮಲ್ಲಿರುವ ಸಹಜ ರೋಗನಿರೋಧಕ ವ್ಯವಸ್ಥೆ. ನಮ್ಮ ಜೀವಕೋಶಗಳಲ್ಲಿ ಪರಕೀಯರ ಗುರುತು ಹಿಡಿಯುವ ರಿಸೆಪ್ಟರುಗಳಿವೆ. ವೈರಸ್ಸಿನ ಆರ್‌ಎನ್‌ಎ ಕಂಡರೆ ಬೊಬ್ಬೆ ಹಾಕುವ ರಿಗ್-ಐ, ಟಿಎಲ್‌ಆರ್3, ಟಿಎಲ್‌ಆರ್7 ಇಂಥವು. ಈ ಕ್ಷೇತ್ರವನ್ನು ತೆರೆದ ಜೂಲ್ಸ್ ಹಾಫ್‌ಮನ್ ಮತ್ತು ಬ್ರೂಸ್ ಬ್ಯೂಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಇದೇ ಬಳಗದ ಒಂದು ಪ್ರೋಟೀನು ಟ್ರಿಮ್5 ಆಲ್ಫಾ. 2004ರಲ್ಲಿ ರೀಸಸ್ ಕೋತಿಯ ಜೀವಕೋಶಗಳಲ್ಲಿ ಎಚ್‌ಐವಿಯನ್ನು ತಡೆಯುತ್ತಿದ್ದುದಾಗಿ ಪತ್ತೆಯಾದದ್ದು ಇದೇ. ಎಚ್‌ಐವಿ ವಂಶದ ವೈರಸ್ಸುಗಳ ಒಳಕವಚ ಗುರುತಿಸುವುದಷ್ಟೇ ಇದರ ಕಸುಬು ಎಂದು ಎಲ್ಲರೂ ನಂಬಿದ್ದರು.

ಹ್ಯಾಮಿಲ್ಟನ್ನಿನ ತಂಡ ಆ ನಂಬಿಕೆಯನ್ನು ಕೆಡವಿತು. ಮನುಷ್ಯನ ಮತ್ತು ರೀಸಸ್ ಕೋತಿಯ ಟ್ರಿಮ್5 ಆಲ್ಫಾ ಕ್ಯಾಸನೂರು ವೈರಸ್ಸನ್ನೂ ಉಣ್ಣೆ ಹರಡುವ ಅದರ ಹಲವು ಸಂಬಂಧಿಗಳನ್ನೂ ಹಿಡಿಯುತ್ತದೆ. ಸೊಳ್ಳೆ ಹರಡುವ ಸಂಬಂಧಿಗಳಾದ ಡೆಂಗಿ, ಝೀಕಾ, ಹಳದಿ ಜ್ವರದ ವೈರಸ್ಸುಗಳು ಮಾತ್ರ ತಪ್ಪಿಸಿಕೊಳ್ಳುತ್ತವೆ! ಹಿಡಿಯುವ ರೀತಿಯಂತೂ ಬೆರಗು. ವೈರಸ್ ತನ್ನ ಪ್ರೋಟೀನುಗಳನ್ನು ಕತ್ತರಿಸಿ ಹೊಂದಿಸಿಕೊಳ್ಳಲು ಒಂದು ಕಿಣ್ವ ಇಟ್ಟುಕೊಂಡಿದೆ. ಕಡಿಯಬೇಕಾದ ಮರಕ್ಕೆ ಅರಣ್ಯ ಇಲಾಖೆಯವರು ಸುತ್ತಿಗೆಯಿಂದ ಮುದ್ರೆ ಹೊಡೆಯುವಂತೆ ಟ್ರಿಮ್5 ಆಲ್ಫಾ ಆ ಕಿಣ್ವಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚುತ್ತದೆ. ಜೀವಕೋಶದ ಕಸ ಚೂರು ಮಾಡುವ ಯಂತ್ರ ಗುರುತು ನೋಡಿ ಬಂದು ಅದನ್ನು ನುಂಗಿಹಾಕುತ್ತದೆ.

ಕಣ್ಣಿಗೆ ಕಾಣದ ಎರಡು ಪ್ರೋಟೀನು ಒಂದನ್ನೊಂದು ತಬ್ಬಿದ್ದನ್ನು ಕಂಡವರು ಯಾರು, ಹೇಗೆ? ಮತ್ತೆ ಪ್ರತಿಕಾಯ, ಈ ಸಲ ಸೀಸೆಯಲ್ಲಿ ಬರುವಂಥದ್ದು. ಪ್ರಯೋಗಾಲಯಗಳಲ್ಲಿ ಇಂಥ ಕೆಲಸಕ್ಕೊಂದು ವಾಡಿಕೆಯ ಉಪಾಯವಿದೆ. ನೋಡಬೇಕಾದ ಪ್ರೋಟೀನಿಗೆ ಫ್ಲೂ ವೈರಸ್ಸಿನಿಂದ ಕದ್ದ ಒಂಬತ್ತು ಅಮೈನೊ ಆಮ್ಲಗಳ ಬಾಲ ಕಟ್ಟುತ್ತಾರೆ. ಆ ಬಾಲಕ್ಕೆ ಗಟ್ಟಿಯಾಗಿ ಅಂಟುವ ಪ್ರತಿಕಾಯವನ್ನು ಸಣ್ಣ ಮಣಿಗಳ ಮೇಲೆ ಕೂರಿಸಿ ಜೀವಕೋಶದ ರಸದಲ್ಲಿ ಆಡಿಸಿ ಮೇಲೆತ್ತುತ್ತಾರೆ. ಬಾಲದ ಪ್ರೋಟೀನು ಬರುತ್ತದೆ, ಅದನ್ನು ತಬ್ಬಿದ್ದ ಜೊತೆಗಾರನೂ ಬರುತ್ತಾನೆ. ಜೊತೆಗಾರನ ಗುರುತಿಗೆ ಇಲಿಯಿಂದ ಪಡೆದ ಇನ್ನೊಂದು ಪ್ರತಿಕಾಯ. ಆ ಇಲಿಯ ಪ್ರತಿಕಾಯಕ್ಕೆ ಅಂಟಲು ಮೇಕೆಯ ಪ್ರತಿಕಾಯ. ಮೇಕೆಯದಕ್ಕೆ ಕಟ್ಟಿರುವುದು ಸಾಸಿವೆ ಕುಲದ ಗಿಡವೊಂದರ ಬೇರಿನ ಕಿಣ್ವ. ಅದರ ಮೇಲೆ ರಾಸಾಯನಿಕ ಹನಿಸಿದರೆ ಕತ್ತಲಲ್ಲಿ ಬೆಳಕು ಹೊಮ್ಮುತ್ತದೆ. ಇಲಿ, ಮೇಕೆ, ಸಾಸಿವೆಯ ದಾಯಾದಿ ಗಿಡ, ಫ್ಲೂ ಬಾಲ ಎಲ್ಲ ಸೇರಿ ಒಂದು ಬೆಳಕಿನ ಗೆರೆ!

ಒಂದೇ ಗುರಿಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿದ್ಯೆಯನ್ನು ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಕಂಡುಹಿಡಿದದ್ದು 1975ರಲ್ಲಿ. ಪೇಟೆಂಟ್ ಮಾಡಿಸಲಿಲ್ಲ. ಕೋಟಿಗಟ್ಟಲೆಯ ಉದ್ಯಮ ಅದರ ಮೇಲೆ ಎದ್ದು ನಿಂತಿದೆ. ಆದರೆ ಸೀಸೆಯ ಮೇಲೆ ಬರೆದದ್ದನ್ನೆಲ್ಲ ನಂಬುವಂತಿಲ್ಲ. 1957ರಲ್ಲಿ ವರವಾದ ಆ ಸಡಿಲತನ ಇಲ್ಲಿ ಶಾಪ: ಒಂದು ರಿಸೆಪ್ಟರಿಗೆಂದು ಕೊಂಡ ಪ್ರತಿಕಾಯ ಇನ್ನೊಂದಕ್ಕೆ ಅಂಟಿ ಸುಳ್ಳು ಗೆರೆ ತೋರಿಸಬಹುದು. ಅದಕ್ಕೇ ಬಲ್ಲವರು ಆ ಜೀನನ್ನೇ ತೆಗೆದುಹಾಕಿದ ಜೀವಕೋಶಗಳ ಮೇಲೂ ಪರೀಕ್ಷಿಸುತ್ತಾರೆ. ಅಲ್ಲೂ ಗೆರೆ ಮೂಡಿದರೆ ಆ ಸೀಸೆ ಕಸದ ಬುಟ್ಟಿಗೆ.

ಟ್ರಿಮ್5 ಆಲ್ಫಾ ಇಲ್ಲದಿದ್ದರೆ ಏನಾಗುತ್ತದೆ? ಮಲೇಷ್ಯಾ, ಸುಮಾತ್ರಾ ಕಡೆಯ ಹಂದಿಬಾಲದ ಕೋತಿಗಳಲ್ಲಿ ಅದು ಹುಟ್ಟಿನಿಂದಲೇ ಇಲ್ಲ. ಅವಕ್ಕೆ ಕ್ಯಾಸನೂರು ವೈರಸ್ ಕೊಟ್ಟಾಗ ಮನುಷ್ಯರಂತೆಯೇ ಪ್ಲೇಟ್‌ಲೆಟ್ ಕುಸಿಯಿತು, ರಕ್ತಸ್ರಾವದ ಲಕ್ಷಣಗಳು ಕಾಣಿಸಿದವು. 2021ರಲ್ಲಿ ಪ್ರಕಟವಾದ ಈ ಕೆಲಸದಿಂದ ಹೊಸ ಲಸಿಕೆ, ಔಷಧಿಗಳನ್ನು ಪರೀಕ್ಷಿಸಲು ನಂಬಬಹುದಾದ ದಾರಿ ಸಿಕ್ಕಿದೆ.

ಹಾಗಾದರೆ ಟ್ರಿಮ್5 ಆಲ್ಫಾ ಇರುವ ನಮಗೇಕೆ ಕಾಯಿಲೆ? ವೈರಸ್ಸೂ ಸುಮ್ಮನಿಲ್ಲ. ಜೀವಕೋಶದ ಅಪಾಯದ ಕೂಗಾದ ಇಂಟರ್‌ಫೆರಾನ್ ಸಂದೇಶವನ್ನು ತನ್ನ ಎನ್‌ಎಸ್5 ಪ್ರೋಟೀನಿನಿಂದ ಅಡಗಿಸುತ್ತದೆ. ಈ ಹಗ್ಗಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು.

ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಸದ್ಯಕ್ಕೆ ಕೈಯಲ್ಲಿರುವುದು ಬೇಗ ಪತ್ತೆಹಚ್ಚುವ ದಾರಿ: ಜ್ವರದ ಮೊದಲ ದಿನಗಳಲ್ಲಾದರೆ ಪಿಸಿಆರ್, ಆಮೇಲಾದರೆ ಐಜಿಎಂ ಎಲೈಸಾ. ಎಲೈಸಾ ಹುಡುಕುವುದೂ ಪ್ರತಿಕಾಯವನ್ನೇ. ಬೇಗ ಪತ್ತೆಯಾಗಬೇಕಾದ್ದರಿಂದ ದರಕಿಗೆ, ಸೌದೆಗೆ ಕಾಡು ಹೊಕ್ಕು ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ಮಾತ್ರೆ ನುಂಗಿ ಮಲಗಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕಾಡಿಗೆ ಹೋಗಿದ್ದನ್ನು ಹೇಳಿ ರಕ್ತ ಕೊಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೇ ತಿಳಿಸಿ.