ದೊಡ್ಡ ಕಾವಲಿ, ಸಣ್ಣ ಉರಿ

ಬೀಡಿನ ಕಾವಲಿ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ದೊಡ್ಡದರ ಮೇಲೆಯೇ. ಪಾತ್ರೆ ಅಂಗಡಿಯ ಮೂಲೆಯಲ್ಲಿ ಹತ್ತಿಂಚಿನದು, ಹನ್ನೆರಡಿಂಚಿನದು, ಹದಿನಾಲ್ಕಿಂಚಿನದು ಒಂದರ ಮೇಲೊಂದು ಪೇರಿಸಿಟ್ಟಿರುತ್ತವೆ. ಮೇಲಿನ ಚಿಕ್ಕದನ್ನು ಎತ್ತಿ ನೋಡಿ, ಇದರಲ್ಲಿ ದೋಸೆ ಹುಯ್ದು ಮನೆಮಂದಿಗೆಲ್ಲ ಬಡಿಸುವುದು ಯಾವಾಗ ಅಂದುಕೊಂಡು, ಕೈ ತಾನಾಗಿ ಕೆಳಗಿನದಕ್ಕೆ ಇಳಿಯುತ್ತದೆ. ಲೆಕ್ಕವೂ ಆಸೆ ಹುಟ್ಟಿಸುವಂಥದ್ದೇ. ಅಗಲ ಎರಡೇ ಇಂಚು ಹೆಚ್ಚಾದರೂ ಹತ್ತಿಂಚಿಗಿಂತ ಹನ್ನೆರಡಿಂಚಿನದರಲ್ಲಿ ಜಾಗ ಶೇ 44ರಷ್ಟು ಜಾಸ್ತಿ. ಆದರೆ ಆ ಲೆಕ್ಕದಲ್ಲಿ ಒಲೆಯನ್ನು ಯಾರೂ ಸೇರಿಸುವುದಿಲ್ಲ.

ಅಜ್ಜಿಯಂದಿರ ಕಾಲದ ಅಗಲವಾದ ಕಾವಲಿಗಳು ಸೌದೆ ಒಲೆಯ ಅಳತೆಗೆ ಹುಟ್ಟಿದವು. ತೆಂಗಿನ ಮಡಲೋ ಗೆರಟೆಯೋ ತುರುಕಿದರೆ ಉರಿ ಕಾವಲಿಯ ತಳವನ್ನೆಲ್ಲ ನೆಕ್ಕಿ ಅಂಚಿನಿಂದ ಹೊರಗೂ ನಾಲಿಗೆ ಚಾಚುತ್ತಿತ್ತು. ಎಲ್ಲಿ ಕಾವು ಕಮ್ಮಿಯೋ ಅತ್ತ ಒಂದು ಕೊಳ್ಳಿ ಸರಿಸಿದರೆ ಮುಗಿಯಿತು. ಇಂದಿನ ಗ್ಯಾಸ್ ಒಲೆಯ ಬರ್ನರ್ ಅಗಲ ಹೆಚ್ಚೆಂದರೆ ನಾಲ್ಕು ಇಂಚು. ಅದರ ಮೇಲೆ ಹದಿನಾಲ್ಕಿಂಚಿನ ಬೀಡು ಕೂರಿಸಿದರೆ ನಡುವೆ ದೋಸೆ ಸೀಯುತ್ತಿರುತ್ತದೆ, ಅಂಚಿನಲ್ಲಿ ಹಿಟ್ಟು ಇನ್ನೂ ಬೆಳ್ಳಗೇ ಇರುತ್ತದೆ.

ಅನುಮಾನವಿದ್ದರೆ ಹೀಗೊಮ್ಮೆ ಮಾಡಿ ನೋಡಬಹುದು. ಒಣ ಕಾವಲಿಯ ಮೇಲೆ ಒಂದು ಹಿಡಿ ಅಕ್ಕಿಹಿಟ್ಟನ್ನು ತೆಳ್ಳಗೆ ಉದುರಿಸಿ ದೊಡ್ಡ ಉರಿಯಲ್ಲಿಡಿ. ಸ್ವಲ್ಪ ಹೊತ್ತಿಗೆ ಬರ್ನರ್‌ನ ಆಕಾರದಲ್ಲೇ ಒಂದು ಕಂದು ಬಳೆ ಮೂಡುತ್ತದೆ. ಅದು ಕಪ್ಪಾಗಿ ಹೊಗೆಯಾಡತೊಡಗಿದರೂ ಅಂಚಿನ ಹಿಟ್ಟಿಗೆ ಏನೂ ಆಗಿರುವುದಿಲ್ಲ. ಬೀಡು ಶಾಖವನ್ನು ಎಲ್ಲ ಕಡೆ ಸಮನಾಗಿ ಹರಡುತ್ತದೆ ಎಂದು ಮಾರುವವರು ಹೇಳುತ್ತಲೇ ಇರುತ್ತಾರೆ. ಅದು ನಿಜವಲ್ಲ. ಶಾಖ ಹರಿಸುವುದರಲ್ಲಿ ಅಲ್ಯುಮಿನಿಯಂ ಬೀಡಿಗಿಂತ ನಾಲ್ಕೈದು ಪಟ್ಟು ಚುರುಕು. ಬೀಡು ಸೋಮಾರಿ ಲೋಹ. ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೇ ಆರುತ್ತದೆ. ಅದರ ದೊಡ್ಡ ಗುಣವೂ ಈ ಎರಡನೆಯದೇ.

ಐದು ಮಿಲಿಮೀಟರ್ ದಪ್ಪದ ಹನ್ನೆರಡಿಂಚಿನ ಕಾವಲಿ ಹಿಡಿ, ಕಿವಿ ಎಲ್ಲ ಸೇರಿ ಮೂರು ಕಿಲೋಗೆ ಹತ್ತಿರವಿರುತ್ತದೆ. ಇಷ್ಟು ತೂಕದ ಲೋಹ ಒಮ್ಮೆ ಕಾದರೆ, ಮೇಲೆ ಒಂದು ಸೌಟು ತಣ್ಣನೆ ಹಿಟ್ಟು ಬಿದ್ದಾಗ ತೆಳು ತವಾದಂತೆ ಸುಸ್ತಾಗಿ ಕೂರುವುದಿಲ್ಲ. ತುಂಬಿಟ್ಟುಕೊಂಡ ಶಾಖವನ್ನು ತಕ್ಷಣ ಹಿಟ್ಟಿಗೆ ಕೊಡುತ್ತದೆ. ನೀರುದೋಸೆಗೆ ಜಾಲರಿಯಂಥ ತೂತು ಬೀಳುವುದು, ಉದ್ದಿನ ದೋಸೆಯ ತಳ ಕೆಂಪಗೆ ಗರಿಯಾಗಿ ಮೇಲ್ಭಾಗ ಮೆತ್ತಗೇ ಉಳಿಯುವುದು ಈ ಕಾರಣಕ್ಕೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಲು ಬಿಟ್ಟು, ನಡುನಡುವೆ ಕಾವಲಿಯನ್ನು ಅತ್ತಿತ್ತ ಸರಿಸಿ ಅಂಚಿಗೂ ಉರಿ ತಾಗಿಸಿದರೆ ಹನ್ನೆರಡಿಂಚಿನದನ್ನೂ ಮನೆಯ ದೊಡ್ಡ ಬರ್ನರ್ ಸಂಭಾಳಿಸುತ್ತದೆ. ಹದಿನಾಲ್ಕಿಂಚಿನದು ಬೇಕೇ ಬೇಕು ಅನ್ನುವವರ ಮನೆಯಲ್ಲಿ ಸೌದೆ ಒಲೆಯೋ, ಮದುವೆ ಅಡುಗೆಯವರು ತರುವಂಥ ಅಗಲ ಬರ್ನರೋ ಇರಬೇಕು. ಸಿಂಕಿನೊಳಗೆ ಅದು ಕೂರುತ್ತದೆಯೇ ಎಂದೂ ಮೊದಲೇ ಅಳೆದುಕೊಳ್ಳುವುದು ಒಳ್ಳೆಯದು. ನಾಲ್ಕು ಕಿಲೋ ಕಬ್ಬಿಣವನ್ನು ಒಂದೇ ಕೈಯಲ್ಲಿ ನಲ್ಲಿಯ ಕೆಳಗೆ ಓರೆಯಾಗಿ ಹಿಡಿದು ಉಜ್ಜುವುದು ಮಣಿಕಟ್ಟಿಗೆ ಶಿಕ್ಷೆ. ಮನೆಯಲ್ಲಿ ದೋಸೆ ಹುಯ್ಯುವವರು ಅರವತ್ತು ದಾಟಿದವರಾದರೆ ಉದ್ದ ಹಿಡಿಯದಕ್ಕಿಂತ ಎರಡು ಕಿವಿಯದು ವಾಸಿ. ಎರಡೂ ಕೈ ಕೊಟ್ಟು ಎತ್ತಬಹುದು.

ಅಂಗಡಿಯಲ್ಲಿ ನೋಡಬೇಕಾದ್ದು ಹೆಚ್ಚೇನಿಲ್ಲ. ಹಳೆಯ ವ್ಯಾಪಾರಿಗಳು ಕಾವಲಿಯನ್ನು ಒಂದು ಕಿವಿಯಲ್ಲಿ ಎತ್ತಿ ಹಿಡಿದು ಬೀಗದ ಕೈಯಿಂದ ತಟ್ಟಿ ತೋರಿಸುತ್ತಾರೆ. ಗಂಟೆಯ ಹಾಗೆ ನಾದ ಎಳೆದರೆ ಸರಿ, ಒಡಕು ದನಿ ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಆಮೇಲೆ ಅದನ್ನು ಗಾಜಿನ ಕೌಂಟರಿನ ಮೇಲಿಟ್ಟು ಅಂಚನ್ನು ಒತ್ತಿ ನೋಡಬೇಕು. ಕುಂಟಿದರೆ ಇಂಡಕ್ಷನ್ ಒಲೆಗೆ ಆಗದು. ಒಳಮೈಯನ್ನು ಬೆರಳ ತುದಿಯಿಂದ ಸವರಿದಾಗ ಸಣ್ಣ ತರಿತರಿ ಸಿಕ್ಕರೆ ಚಿಂತೆಯಿಲ್ಲ, ಅದು ಮರಳಚ್ಚಿನ ಗುರುತು. ಆದರೆ ಉಗುರು ಸಿಕ್ಕಿಕೊಳ್ಳುವಂಥ ಗುಳಿ ಇದ್ದರೆ ಬೇಡ. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಆದ ಗುಳ್ಳೆ ಅದು, ದೋಸೆ ಪ್ರತಿ ಸಲ ಅಲ್ಲೇ ಕಚ್ಚಿಕೊಳ್ಳುತ್ತದೆ. ಕೊನೆಯದಾಗಿ ಬಿಳಿ ಬಟ್ಟೆಯಿಂದ ತಿಕ್ಕಿ. ಬೂದಿ ಬಣ್ಣ ಹತ್ತಿದರೆ ಹಸಿ ಬೀಡು, ಮನೆಯಲ್ಲಿ ಪಳಗಿಸಿಕೊಳ್ಳಬೇಕು. ಮಿರಮಿರ ಹೊಳೆಯುವ ಕಪ್ಪಾದರೆ ಅದು ಎಣ್ಣೆಯೋ ಬಣ್ಣವೋ ಎಂದು ಕೇಳದೆ ಕೊಳ್ಳಬೇಡಿ.

ಆ ತರಿಯ ಹಿಂದೆ ದೊಡ್ಡ ಕಥೆಯೇ ಇದೆ. ಚೀನಾದವರಿಗೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಗೊತ್ತಿದ್ದ ಬೀಡಿನ ಎರಕ ಇಂಗ್ಲೆಂಡಿನ ಸಾಮಾನ್ಯರ ಅಡುಗೆಮನೆಗೆ ಇಳಿದದ್ದು ಅಬ್ರಹಾಂ ಡಾರ್ಬಿಯ ಕಾಲಕ್ಕೆ. ಕಬ್ಬಿಣದ ಪಾತ್ರೆಗಳನ್ನು ಮರಳಿನಲ್ಲಿ ಎರೆಯುವ ವಿಧಾನಕ್ಕೆ ಅವನು 1707ರಲ್ಲಿ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಹಿತ್ತಾಳೆ ಕೊಳ್ಳಲಾಗದವರಿಗೆ ಒಳ್ಳೆ ಪಾತ್ರೆಯೇ ಇರಲಿಲ್ಲ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಶೇ 2ರಿಂದ 4ರಷ್ಟು ಇಂಗಾಲ ಸೇರಿದ ಬೀಡು 1200ರ ಆಸುಪಾಸಿನಲ್ಲೇ ನೀರಾಗಿ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ಹೀಗಾಗಿ ಅಗ್ಗ. ಅದೇ ಇಂಗಾಲ ಒಳಗೆ ಗ್ರಾಫೈಟ್ ಚಕ್ಕೆಗಳಾಗಿ ಕೂತಿರುವುದರಿಂದ ಕಲ್ಲುನೆಲಕ್ಕೆ ಬಿದ್ದರೆ ಬಗ್ಗುವುದಿಲ್ಲ, ಎರಡು ಹೋಳಾಗುತ್ತದೆ. ನಮ್ಮಲ್ಲಿ ಭದ್ರಾವತಿಯ ಕಾರ್ಖಾನೆ 1918ರಲ್ಲಿ ಶುರುವಾದದ್ದು ಕಾಡಿನ ಸೌದೆ ಸುಟ್ಟ ಇದ್ದಿಲಿನಿಂದ ಬೀಡು ಕಬ್ಬಿಣ ತೆಗೆಯುವ ಯೋಜನೆಯಾಗಿಯೇ. ಇವತ್ತು ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳು ಎರೆಯುವುದು ಬಹುಪಾಲು ವಾಹನ, ಪಂಪುಗಳ ಭಾಗಗಳನ್ನು. ವಿಧಾನ ಮಾತ್ರ ಅದೇ, ಒದ್ದೆ ಮರಳಿನ ಎರಡು ಪೆಟ್ಟಿಗೆಗಳ ನಡುವೆ ಅಚ್ಚಿನ ಖಾಲಿ ಜಾಗಕ್ಕೆ ಲೋಹ ಸುರಿಯುವುದು.

ಇನ್ನು ಪಳಗಿಸುವ ವಿಚಾರ. ಇದರ ಬಗ್ಗೆ ಇರುವಷ್ಟು ಮಡಿ ದೇವರ ಪಾತ್ರೆಗೂ ಇರಲಿಕ್ಕಿಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹೊಸ ಕಾವಲಿಯನ್ನು ಎರಡು ಮೂರು ದಿನ ಅಕ್ಕಚ್ಚಿನಲ್ಲಿ, ಅಂದರೆ ಅಕ್ಕಿ ತೊಳೆದ ನೀರಿನಲ್ಲಿ ಮುಳುಗಿಸಿಡುತ್ತಾರೆ. ದಿನವೂ ನೀರು ಬದಲಿಸಿ, ತೆಂಗಿನ ನಾರಿನಿಂದ ಉಜ್ಜುತ್ತಾರೆ. ಅಕ್ಕಚ್ಚು ಹುಳಿಬಂದು ಆ ತೆಳು ಹುಳಿಗೆ ತುಕ್ಕು ಸಡಿಲವಾಗುತ್ತದೆ, ಉಜ್ಜುವಾಗ ಮರಳಿನ ಕಣವೂ ಬಿಟ್ಟುಕೊಳ್ಳುತ್ತದೆ. ಪದ್ಧತಿ ಚೆನ್ನಾಗಿಯೇ ಇದೆ, ಆದರೆ ಅದು ತೊಳೆಯುವ ಕೆಲಸ ಮಾತ್ರ. ಕಾವಲಿಗೆ ಕಪ್ಪು ಮೈ ಬರುವುದು ಎಣ್ಣೆಯಿಂದ. ಎಣ್ಣೆಯ ತೆಳು ಪದರ ಗಾಳಿಯಲ್ಲಿ ಚೆನ್ನಾಗಿ ಕಾದಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಎಣ್ಣೆತನ ಕಳೆದುಕೊಳ್ಳುತ್ತವೆ, ವಾರ್ನಿಷ್‌ನಂಥ ಗಟ್ಟಿ ಪೊರೆಯಾಗುತ್ತವೆ. ಎಲ್ಲ ಎಣ್ಣೆಗೂ ಈ ಗುಣ ಒಂದೇ ಸಮ ಇಲ್ಲ. ತೆಂಗಿನೆಣ್ಣೆ ಹೆಚ್ಚುಕಮ್ಮಿ ಪೂರ್ತಿ ಸ್ಯಾಚುರೇಟೆಡ್ ಕೊಬ್ಬು, ಹೀಗೆ ಹೆಣೆದುಕೊಳ್ಳುವುದು ಬಹಳ ಕಡಿಮೆ. ಮಂಗಳೂರಿನವರು ಕೋಪಿಸಿಕೊಳ್ಳಬಾರದು, ದೋಸೆಗೆ ಹಾಕಲು ಅದಕ್ಕೆ ಸಾಟಿಯಿಲ್ಲ. ಪಳಗಿಸಲು ಮಾತ್ರ ಶೇಂಗಾ, ಎಳ್ಳು, ಸೂರ್ಯಕಾಂತಿ ಎಣ್ಣೆ ಮೇಲು. ಅಗಸೆ ಎಣ್ಣೆ ಎಲ್ಲಕ್ಕಿಂತ ಬೇಗ ಗಟ್ಟಿಯಾಗುತ್ತದೆ, ಆದರೆ ಆ ಪೊರೆ ಚಕ್ಕೆ ಎದ್ದು ಬರುವುದೂ ಉಂಟು.

ಹೆಚ್ಚಿನವರು ಎಡವುವುದು ಎಣ್ಣೆಯ ಪ್ರಮಾಣದಲ್ಲಿ. ಕಾವಲಿ ಬೆಚ್ಚಗಿದ್ದಾಗ ಅರ್ಧ ಚಮಚ ಎಣ್ಣೆಯನ್ನು ಹಿಂದೆ ಮುಂದೆ, ಕಿವಿ ಸಂದಿಗೂ ಸವರಿ, ಆಮೇಲೆ ಒಣ ಬಟ್ಟೆಯಲ್ಲಿ ಅಷ್ಟನ್ನೂ ಒರೆಸಿ ತೆಗೆಯಬೇಕು. ಎಣ್ಣೆ ಹಚ್ಚಿದ್ದೇ ಕಾಣಬಾರದು. ಆಗ ಉರಿಯಲ್ಲಿಟ್ಟು, ಹೊಗೆ ಬಂದು ಹೊಗೆ ನಿಲ್ಲುವವರೆಗೆ ಕಾಯಿಸಿ, ಆರಲು ಬಿಡಬೇಕು. ಹೀಗೆ ಮೂರು ನಾಲ್ಕು ಸಲ. ಧಾರಾಳವಾಗಿ ಸುರಿದು ಕಾಯಿಸಿದರೆ ಎಣ್ಣೆ ಅರ್ಧಂಬರ್ಧ ಒಣಗಿ ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ, ದೋಸೆ ಅದಕ್ಕೇ ಕಚ್ಚುತ್ತದೆ. ಇದಾದ ಮೇಲೆ ಉಳಿದದ್ದು ಬಳಕೆ. ಮೊದಲ ವಾರ ನೀರುದೋಸೆಯ ಆಸೆ ಬಿಟ್ಟು ಚಪಾತಿ, ಈರುಳ್ಳಿ ಒಗ್ಗರಣೆ, ಹೆಚ್ಚು ಎಣ್ಣೆ ಬೇಡುವ ದಪ್ಪ ದೋಸೆಗಳನ್ನು ಮಾಡಿಕೊಂಡರೆ ಕಾವಲಿ ತಾನಾಗಿ ಹದಕ್ಕೆ ಬರುತ್ತದೆ. ಸೋಪು ತಾಗಿದರೆ ಕೆಟ್ಟೇಹೋಯಿತು ಅನ್ನುವುದು ಸೋಡಾಖಾರದ ಕಾಲದ ಮಾತು. ಈಗಿನ ಪಾತ್ರೆ ಸೋಪಿನ ಎರಡು ಹನಿ ಆ ಪೊರೆಯನ್ನೇನೂ ಮಾಡುವುದಿಲ್ಲ. ಕೆಡಿಸುವುದು ಹುಣಸೆ, ಟೊಮೆಟೊ ಕುದಿಸುವುದು, ಮತ್ತೆ ರಾತ್ರಿಯಿಡೀ ನೀರಲ್ಲಿ ಬಿಡುವುದು. ಮಳೆಗಾಲದಲ್ಲಿ ತುಕ್ಕು ಹಿಡಿದರೆ ಎದೆ ಒಡೆದುಕೊಳ್ಳಬೇಕಿಲ್ಲ. ಕಲ್ಲುಪ್ಪು ಹಾಕಿ ತಿಕ್ಕಿ, ತೊಳೆದು, ಒಲೆಯ ಮೇಲೆ ಒಣಗಿಸಿ ಮತ್ತೆ ಎಣ್ಣೆ ಸವರಿದರೆ ಆಯಿತು.

ಹದ ತಿಳಿಯಲು ನೀರು ಚಿಮುಕಿಸುವುದು ಎಲ್ಲರಿಗೂ ಗೊತ್ತು, ಆದರೆ ಹನಿಯನ್ನು ಓದುವುದು ಕಮ್ಮಿ. ಚುಂಯ್ ಎಂದು ತಕ್ಷಣ ಆರಿದರೆ ದೋಸೆಗೆ ಹದ. ಹನಿ ಮುತ್ತಿನಂತೆ ಉಂಡೆಯಾಗಿ ಕಾವಲಿ ತುಂಬ ಓಡಾಡತೊಡಗಿದರೆ ಕಾವು ಸುಮಾರು 200 ಡಿಗ್ರಿಯನ್ನು ಮುಟ್ಟಿದೆ ಎಂದೇ ಅರ್ಥ. ತನ್ನದೇ ಆವಿಯ ಹಾಸಿನ ಮೇಲೆ ಹನಿ ತೇಲುವ ಈ ಆಟವನ್ನು ಲೈಡೆನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ 1756ರಲ್ಲಿ ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ನೋಡಿ ಬರೆದಿಟ್ಟ. ಆ ಬಿಸಿಯಲ್ಲಿ ಹಿಟ್ಟು ಬಿದ್ದಲ್ಲೇ ಬೆಂದು ಗಟ್ಟಿಯಾಗಿ, ಹರಡಲು ಹೋದರೆ ಸೌಟಿನ ಜೊತೆಗೇ ಎದ್ದು ಬರುತ್ತದೆ. ಹೋಟೆಲಿನ ದೋಸೆ ಭಟ್ಟರು ಪ್ರತಿ ಸುತ್ತಿಗೂ ನೀರೆರಚಿ ಕಡ್ಡಿ ಪೊರಕೆಯಲ್ಲಿ ಗುಡಿಸುವುದು ಬರೀ ಸ್ವಚ್ಛತೆಗಲ್ಲ, ಕಾವು ಇಳಿಸಲು. ಮನೆಯಲ್ಲಿ ಅಷ್ಟು ನೀರು ಬೇಡ. ಉರಿ ತಗ್ಗಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯನ್ನೋ ಬದನೆಯ ತೊಟ್ಟನ್ನೋ ಒಂದು ಸುತ್ತು ಉಜ್ಜಿದರೆ ಸಾಕು.

ಅಕ್ಕಿರೊಟ್ಟಿ ಮಾಡುವವರಿಗೆ ಮಾತ್ರ ಒಂದು ಎಚ್ಚರಿಕೆ. ಮೈಸೂರು ಸೀಮೆಯಲ್ಲಿ ಹಿಟ್ಟನ್ನು ತಣ್ಣನೆಯ ಬಾಣಲೆಗೇ ತಟ್ಟಿ ಒಲೆಗಿಡುವುದು ರೂಢಿ. ಒಂದು ರೊಟ್ಟಿ ಆದ ಮೇಲೆ ಪಾತ್ರೆಯನ್ನು ನಲ್ಲಿಗೆ ಹಿಡಿದು ತಣಿಸಿ ಇನ್ನೊಂದು ತಟ್ಟುತ್ತಾರೆ. ಬೀಡಿಗೆ ಇದು ಮರಣಶಾಸನ. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಒಂದು ಭಾಗ ಕುಗ್ಗಿ ಇನ್ನೊಂದು ಹಿಗ್ಗಿಯೇ ಇದ್ದು ಟಕ್ಕೆಂದು ಸೀಳುತ್ತದೆ. ತಾನಾಗಿ ಆರಲಿ ಎಂದು ಕಾದರೆ ಎರಡನೆಯ ರೊಟ್ಟಿ ಮಧ್ಯಾಹ್ನದ ಊಟಕ್ಕಾದೀತು. ಬಾಳೆಲೆಯ ಮೇಲೋ ಒದ್ದೆ ಬಟ್ಟೆಯ ಮೇಲೋ ತಟ್ಟಿ ಕಾದ ಕಾವಲಿಗೆ ಬೋರಲು ಹಾಕುವುದೊಂದೇ ದಾರಿ. ಇಂಡಕ್ಷನ್ ಒಲೆಯಲ್ಲೂ ಇದೇ ಭಯ. ಒಮ್ಮೆಗೇ 2000 ವಾಟ್‌ಗೆ ಏರಿಸಿದರೆ ನಡು ಹಿಗ್ಗಿ ಅಂಚು ತಣ್ಣಗೇ ಉಳಿಯುತ್ತದೆ. ಸಣ್ಣದರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಮೀನು ಹುರಿಯುವ ಮನೆಗಳಲ್ಲಿ ಬಂಗುಡೆಗೆ ಬೇರೆ ಕಾವಲಿ ಇರುತ್ತದೆ. ಆ ಪೊರೆ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಮರುದಿನ ಬೆಳಗಿನ ದೋಸೆಯಲ್ಲಿ ಗೊತ್ತಾಗುತ್ತದೆ.

ಬೀಡಿನ ಪಾತ್ರೆಯಿಂದ ರಕ್ತ ಹೆಚ್ಚುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಇಥಿಯೋಪಿಯಾದ ಮಕ್ಕಳಿಗೆ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಊಟ ಕೊಟ್ಟಾಗ ರಕ್ತಹೀನತೆ ತಗ್ಗಿದ್ದನ್ನು ಲ್ಯಾನ್ಸೆಟ್ ಪತ್ರಿಕೆ 1999ರಲ್ಲಿ ಪ್ರಕಟಿಸಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇರುವಾಗ ಇದು ತಳ್ಳಿಹಾಕುವ ಸಂಗತಿಯಲ್ಲ. ಆದರೆ ಕಬ್ಬಿಣ ಆಹಾರಕ್ಕೆ ಇಳಿಯುವುದು ಹುಳಿ, ನೀರು, ಹೊತ್ತು ಮೂರೂ ಕೂಡಿದಾಗ. ಎರಡು ನಿಮಿಷದ ದೋಸೆಯಲ್ಲಿ ಹೊತ್ತೇ ಸಾಲದು. ಸಾಲದ್ದಕ್ಕೆ, ಚೆನ್ನಾಗಿ ಪಳಗಿದ ಕಾವಲಿ ಎಣ್ಣೆಯ ಪೊರೆ ಹೊದ್ದು ಕೂತಿರುತ್ತದೆ. ರುಚಿಗಾಗಿ ಕೊಳ್ಳಿ, ಟಾನಿಕ್ ಎಂದು ಕೊಳ್ಳಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಸುಲಭಕ್ಕೆ ಸಿಗುವುದು ಟೆನೆಸಿಯ ಸೌತ್ ಪಿಟ್ಸ್‌ಬರ್ಗ್‌ನಲ್ಲಿ 1896ರಿಂದ ಬೀಡು ಎರೆಯುತ್ತಿರುವ ಲಾಡ್ಜ್ ಕಂಪನಿಯ ಸ್ಕಿಲೆಟ್. ಹನ್ನೆರಡಿಂಚು ಎಂದು ಬರೆದಿದ್ದರೂ ಅದು ಬಾಯಿಯ ಅಗಲ, ತಳ ಹತ್ತೇ ಇಂಚು. ಸುತ್ತಲಿನ ಎತ್ತರದ ಗೋಡೆ ಮಾಂಸ ಹುರಿಯಲು, ಜೋಳದ ಬ್ರೆಡ್ ಬೇಯಿಸಲು ಹೇಳಿ ಮಾಡಿಸಿದ್ದು. ದೋಸೆಗೆ ಮಾತ್ರ ಅದೇ ಅಡ್ಡಿ, ಸಟ್ಟುಗ ಮಲಗಿಸಲು ಜಾಗವಿಲ್ಲದೆ ಅಂಚು ಹರಿಯುತ್ತದೆ. ಅದೇ ಕಂಪನಿಯ ಅಂಚು ಗಿಡ್ಡವಾದ ಹತ್ತೂವರೆ ಇಂಚಿನ ಗ್ರಿಡಲ್ ನಮ್ಮ ಕೆಲಸಕ್ಕೆ ಸರಿ. 2002ರಿಂದ ಅವರು ಎಣ್ಣೆ ಕಾಯಿಸಿಯೇ ಮಾರುತ್ತಿರುವುದರಿಂದ ಅಕ್ಕಚ್ಚಿನ ಕೆಲಸವೂ ಇಲ್ಲ.

ಹಳೆ ಮನೆ ಕೆಡವುವಾಗ ಅಟ್ಟದಿಂದ ಇಳಿದ ಕಾವಲಿ ಸಿಕ್ಕರೆ ಹೊಸದಕ್ಕೆ ದುಡ್ಡು ಹಾಕಬೇಡಿ. ತುಕ್ಕು ಎಷ್ಟೇ ಇದ್ದರೂ ಹೋಗುತ್ತದೆ. ಬಿರುಕು ಮಾತ್ರ ಹೋಗುವುದಿಲ್ಲ, ಬೀಡಿಗೆ ಬೆಸುಗೆ ಹಾಕುವುದು ಊರಿನ ವೆಲ್ಡಿಂಗ್ ಅಂಗಡಿಯ ಕೈಗೆ ದಕ್ಕುವ ಕೆಲಸವಲ್ಲ. ಅಂಥದ್ದು ಗುಜರಿಗೇ ಹೋಗಬೇಕು, ಅಲ್ಲಿಂದ ಮತ್ತೆ ಫೌಂಡ್ರಿಯ ಕುಲುಮೆಗೆ. ಕೊಡುವಾಗ ಹಳೆ ತಗಡಿನ ಡಬ್ಬಗಳ ಜೊತೆ ತಕ್ಕಡಿಗೆ ಹಾಕಲು ಬಿಡಬೇಡಿ. ಬೀಡಿಗೆ ದರವೇ ಬೇರೆ.