ಕಲೆಯ ಕೆಳಗೇನಿದೆ?

"ಅಜ್ಜಾ, ಕಾರಿನಾಗ ಏನೋ ಕೊಳೆತೈತಿ!"

ಬೇಸಿಗೆ ರಜೆಗೆ ದಾವಣಗೆರೆಯಿಂದ ಕೊಟ್ಟೂರಿಗೆ ಬಂದಿದ್ದ ಮೊಮ್ಮಗಳು ಕಾರಿನ ಬಾಗಿಲು ತೆಗೆದವಳೇ ಮೂಗು ಮುಚ್ಚಿಕೊಂಡಳು.

ಈ ಕಾರು ನನ್ನ ಹಟದ ಫಲ. "ಈ ವಯಸ್ಸಿನಾಗ ಕಾರು ಯಾಕಪ್ಪಾ?" ಎಂದು ಮಗ ಕೇಳಿದರೂ ಬ್ಯಾಂಕಿನ ಠೇವಣಿ ಮುರಿಸಿ, ಕೆಎ-35 ನಂಬರಿನ ಹಳೆಯ ಕಾರೊಂದನ್ನು ಕೊಂಡಿದ್ದೆ. ನನ್ನ ಮನೆಯವಳಿಗೆ ಮೊಣಕಾಲು ನೋವು, ಬಸ್ಸು ಹತ್ತಲಾರಳು. ಅವಳಿಗಾಗಿಯೇ ಕೊಂಡದ್ದು. ಆದರೆ ಎರಡು ತಿಂಗಳಿಂದ ಎಲ್ಲಿಗೆ ಕರೆದರೂ "ಇವತ್ತು ಬ್ಯಾಡ" ಎನ್ನುತ್ತಿದ್ದಳು. ಕಾರಣ ಮೊಮ್ಮಗಳಿಂದ ತಿಳಿಯಿತು. "ವಾಸನಿಗೆ ಅಜ್ಜಿಗೆ ತಲಿ ಸುತ್ತತೈತಂತ. ನಿನಗ ಬ್ಯಾಸರ ಆಗತೈತಂತ ಹೇಳಿಲ್ಲ."

ಕಾರಿನ ಕಾರ್ಪೆಟ್ ನೋಡಿದರೆ ಹಳೆಯ ಮಾಲೀಕರ ಜಾತಕವೇ ಅಲ್ಲಿತ್ತು. ಆಯುಧಪೂಜೆಯ ಅರಿಶಿನ, ಎಲೆ ಅಡಿಕೆಯ ಕೆಂಪು, ಯಾರೋ ಚೆಲ್ಲಿದ ಹಾಲು. ಎಣ್ಣೆಯ ಕಲೆ ಮಾತ್ರ ನನ್ನದೇ. ನಮ್ಮೂರಿನ ಮಂಡಕ್ಕಿ ಮಿರ್ಚಿಯನ್ನು ಕಾರಿನಲ್ಲೇ ಕೂತು ತಿಂದ ಪಾಪ!

ಹಳೆಯದರ ಮೇಲೆ ಹೊಸ ಕಾರ್ಪೆಟ್ ಹಾಸಿಬಿಡೋಣ ಎಂದುಕೊಂಡೆ. "ಕೆಳಗಿಂದು ಹಂಗೇ ಇರತೈತಲ್ಲಾ?" ಎಂದಳು ಮೊಮ್ಮಗಳು. ನಾಚಿಕೆಯಾಯಿತು. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸದ ಹಣವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ಹಾಕಿದ ಮಾತ್ರಕ್ಕೆ ತಪ್ಪು ಹೋಗುವುದಿಲ್ಲ. ಎಂದಾದರೊಂದು ದಿನ ಹುಡುಕಲೇಬೇಕು.

ಮರುದಿನ ಪರಿಚಯದ ಮೆಕ್ಯಾನಿಕ್ ಬಂದು, ಮೊದಲು ಬ್ಯಾಟರಿಯ ವೈರು ಬಿಚ್ಚಿ, ಆಮೇಲೆ ಸೀಟಿನ ಬೋಲ್ಟು ತೆಗೆದ. ಹೊಸ ಕಾರುಗಳಲ್ಲಿ ಸೀಟಿನ ಕೆಳಗೆ ಏರ್‌ಬ್ಯಾಗಿನ ವೈರುಗಳಿರಬಹುದು. ಹಾಗಾಗಿ ಇದು ಮನೆಯವರು ಕೈಹಾಕುವ ಕೆಲಸವಲ್ಲ.

ಕಾರ್ಪೆಟ್ ಎತ್ತಿದಾಗ ಅಚ್ಚರಿ ಕಾದಿತ್ತು. ಅದರಡಿಯ ದಪ್ಪ ಫೆಲ್ಟ್, ನೀರಲ್ಲಿ ಅದ್ದಿದ ಕಂಬಳಿಯಂತೆ ತೊಯ್ದಿತ್ತು. ಅದೂ ಮುಂದಿನ ಎಡಗಡೆ ಮಾತ್ರ. ಎರಡು ತಿಂಗಳಿಂದ ಮಳೆಯ ಹನಿಯೂ ಬಿದ್ದಿರಲಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು?

ಮಕ್ಕಳೇ, ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲವೇ? ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಮೈಗೆ ತಾಗಿ ಹನಿಯಾಗುತ್ತದೆ. ಕಾರಿನ ಎಸಿಯಲ್ಲೂ ಹಾಗೆಯೇ. ಆ ನೀರು ಒಂದು ಸಣ್ಣ ಪೈಪಿನಿಂದ ರಸ್ತೆಗೆ ಬೀಳಬೇಕು. ನಮ್ಮ ಕಾರಿನ ಪೈಪಿನಲ್ಲಿ ಧೂಳು ಕಟ್ಟಿಕೊಂಡು, ನೀರು ಒಳಗೇ ಇಳಿಯುತ್ತಿತ್ತು. ಪೈಪು ಸ್ವಚ್ಛ ಮಾಡಿದ ಕೂಡಲೇ ಒಂದು ಲೋಟದಷ್ಟು ಕೆಸರು ನೀರು ಸುರಿಯಿತು. ಮಳೆಗಾಲದಲ್ಲಿ ತೇವವಾದರೆ ಬಾಗಿಲ ರಬ್ಬರು, ಮುಂದಿನ ಗಾಜಿನ ಅಂಚು ನೋಡಬೇಕು.

ಫೆಲ್ಟ್ ತೆಗೆದಾಗ ತಗಡು ಕೆಂಪಗೆ ತುಕ್ಕು ಹಿಡಿದಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಒತ್ತಿದ. ಒಂದು ಕಡೆ ಅದು ತೂರಿ ಕೆಳಗಿನ ನೆಲ ಕಂಡಿತು! "ಅಜ್ಜಾರ, ಇದರ ಮ್ಯಾಲ ಹೊಸಾದು ಹಾಸಿದ್ರ, ಬರೋ ವರ್ಷ ಕಾಲು ರಸ್ತೆ ಮ್ಯಾಲಿರತಿತ್ರಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಮನೆಯವಳು ಕೂರುವುದು ಅದೇ ಎಡಗಡೆ ಸೀಟಿನಲ್ಲಿ.

ಟಿಂಕರಿಂಗ್ ಅಂಗಡಿಯಲ್ಲಿ ತೂತಿಗೆ ತಗಡು ಬೆಸೆಸಿದೆವು. ಉಳಿದ ತುಕ್ಕನ್ನು ಎಮೆರಿ ಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಬಣ್ಣ ಹಚ್ಚಿದೆವು. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ನೋಂದಣಿಯನ್ನು ನವೀಕರಿಸಲು ಆರ್‌ಟಿಒ ತಪಾಸಣೆಯಾಗಬೇಕು. ಆಗ ತುಕ್ಕು ಹಿಡಿದ ತಳವನ್ನು ಯಾರೂ ಮೆಚ್ಚುವುದಿಲ್ಲ.

ಇನ್ನು ಕಲೆಗಳ ಸರದಿ. ಯಾವುದನ್ನೇ ಹಚ್ಚುವ ಮುನ್ನ ಕಾಣದ ಮೂಲೆಯಲ್ಲಿ ಪರೀಕ್ಷಿಸಬೇಕು. ಗಸಗಸ ಉಜ್ಜಿದರೆ ಕಲೆ ಹರಡುತ್ತದೆ. ಅಂಚಿನಿಂದ ನಡುವಿಗೆ ಬಟ್ಟೆಯಿಂದ ಒತ್ತಿ ತೆಗೆಯಬೇಕು.

ಎಣ್ಣೆಯ ಕಲೆಯ ಮೇಲೆ ಮೆಕ್ಕೆಜೋಳದ ನುಣುಪಾದ ಹಿಟ್ಟು ಉದುರಿಸಿ ಒಂದು ರಾತ್ರಿ ಬಿಟ್ಟೆವು. ಅದು ಜಿಡ್ಡನ್ನು ಹೀರಿತು. ಬೆಳಿಗ್ಗೆ ಹಿಟ್ಟು ಕೊಡವಿ, ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ ಒರೆಸಿದೆವು. ಹಾಲಿನ ಕಲೆಗೆ ಬಿಸಿನೀರು ಬೇಡ. ಶಾಖಕ್ಕೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ತಣ್ಣೀರಿನಲ್ಲಿ ತೊಳೆದು, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿದರೆ ಹುಳಿ ವಾಸನೆ ಇಳಿಯುತ್ತದೆ.

ಅರಿಶಿನಕ್ಕೆ ಸೋಪು ತಾಗಿಸಿದಾಗ ಅದು ಕೆಂಪಾಯಿತು! ಮೊಮ್ಮಗಳು ಹೆದರಿದಳು. ಸೋಪಿನಲ್ಲಿ ಕ್ಷಾರವಿರುತ್ತದೆ, ಅದಕ್ಕೆ ಅರಿಶಿನ ಬಣ್ಣ ಬದಲಿಸುತ್ತದೆ. ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿದೆವು. ಬೆಳಕಿಗೆ ಅರಿಶಿನದ ಬಣ್ಣ ಮಾಸುತ್ತದೆ. ನಮ್ಮೂರಿನಲ್ಲಿ ಬಿಸಿಲಿಗೇನು ಬರ? ಎಲೆ ಅಡಿಕೆಯ ಕಲೆ ಮಾತ್ರ ಮಸುಕಾಯಿತೇ ವಿನಾ ಹೋಗಲಿಲ್ಲ. ಹಟಕ್ಕೆ ಬಿದ್ದು ಪೆಟ್ರೋಲ್ ಹಚ್ಚಬೇಡಿ, ಬೆಂಕಿಯ ಭಯ. ಬ್ಲೀಚಿಂಗ್ ಪುಡಿಗೆ ಆಸಿಡ್ ಸೇರಿಸಲೇಬೇಡಿ, ವಿಷಾನಿಲ ಹುಟ್ಟುತ್ತದೆ.

ಕಾರ್ಪೆಟ್ ಯಾವಾಗ ಬದಲಿಸಬೇಕು? ಪೂರ್ತಿ ಒಣಗಿದ ಮೇಲೂ ಬೂಸಲಿನ ವಾಸನೆ ಮರಳಿದರೆ, ಅದರ ಬೆನ್ನು ಪುಡಿಪುಡಿಯಾಗುತ್ತಿದ್ದರೆ. ನಮ್ಮ ಕಾರ್ಪೆಟ್ ಮೂರು ದಿನದ ಬಿಸಿಲಿಗೆ ಚೇತರಿಸಿಕೊಂಡಿತು, ಫೆಲ್ಟ್ ಉಳಿಯಲಿಲ್ಲ. ಹಳೆಯ ಫೆಲ್ಟನ್ನೇ ಅಳತೆಗೆ ಇಟ್ಟುಕೊಂಡು ಕುಷನ್ ಅಂಗಡಿಯವರು ಹೊಸದನ್ನು ಕತ್ತರಿಸಿಕೊಟ್ಟರು. ಒಂದು ಎಚ್ಚರಿಕೆ. ಚಾಲಕನ ಕಾಲಬಳಿ ಮ್ಯಾಟಿನ ಮೇಲೆ ಮ್ಯಾಟು ಹಾಕಬೇಡಿ. ಅದು ಜಾರಿ ಬ್ರೇಕಿನ ಅಡಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ.

ರಜೆ ಮುಗಿಯುವ ಮುನ್ನಿನ ಭಾನುವಾರ ಮೂವರೂ ಉಜ್ಜಿನಿಗೆ ಹೊರಟೆವು. ನನ್ನ ಮನೆಯವಳು ಎಡಗಡೆ ಸೀಟಿನಲ್ಲಿ ಕೂತು, ಒಮ್ಮೆ ಉಸಿರೆಳೆದು ನೋಡಿ, ಏನೂ ಹೇಳದೆ ಬಾಗಿಲು ಹಾಕಿಕೊಂಡಳು. ಮರುಳಸಿದ್ಧೇಶ್ವರನ ದರ್ಶನ ಮುಗಿಸಿ ಬರುವಾಗ ಮಂಡಕ್ಕಿ ಮಿರ್ಚಿ ಕಟ್ಟಿಸಿದೆ. ಕಾರಿನ ಬಾಗಿಲಿಗೆ ಕೈಹಾಕುವಷ್ಟರಲ್ಲಿ ಅಜ್ಜಿ ಮೊಮ್ಮಗಳಿಬ್ಬರೂ ಒಟ್ಟಿಗೇ ಕೂಗಿದರು: "ಹೊರಗ ನಿಂತು ತಿನ್ನು!" "ಹೊರಗ ನಿಂತು ತಿನ್ರಿ!"

ಬೇವಿನ ಮರದ ನೆರಳಿನಲ್ಲಿ ನಿಂತು ತಿಂದೆ.